ಒಂದೇ ಬಾಣಲೆಯ ಭಾನುವಾರ

ನಮ್ಮ ಮನೆಯಲ್ಲಿ ಪುರುಸೊತ್ತು ಎಂಬ ಮಾತು ಒಂಟಿಯಾಗಿ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಅದರ ಬೆನ್ನಿಗೆ 'ಇಲ್ಲ' ಇದ್ದೇ ಇರುತ್ತಿತ್ತು. ಅಪ್ಪನದು ಅರಸೀಕೆರೆಯಲ್ಲಿ ದಿನಸಿ ಅಂಗಡಿ. ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತರವರೆಗೆ, ವಾರದ ಏಳು ದಿನವೂ. ಭಾನುವಾರ ಮುಚ್ಚುವ ಮಾತೇ ಇಲ್ಲ. ಉಳಿದವರಿಗೆ ರಜೆ ಇದ್ದ ದಿನ ತಾನೇ ವ್ಯಾಪಾರ. ಅಮ್ಮನಿಗೂ ಭಾನುವಾರವೇ ಕೈತುಂಬ ಕೆಲಸ. ಎಲ್ಲರ ತಲೆಗೆ ಎಣ್ಣೆ, ಹಂಡೆ ತುಂಬ ನೀರು ಕಾಯಿಸುವುದು, ಹತ್ತು ಗಂಟೆಗೆ ಅಕ್ಕಿರೊಟ್ಟಿ, ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಅಡಿಗೆ, ನಡುವೆ ಬಂದ ನೆಂಟರಿಗೆ ಕಾಫಿ. 'ಸಾಯೋಕೂ ಪುರುಸೊತ್ತಿಲ್ಲ ಕಣೆ' ಎನ್ನುವಾಗ ಅವಳ ದನಿಯಲ್ಲಿ ದಣಿವು ಇರುತ್ತಿತ್ತು, ಜೊತೆಗೆ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು. ಪುರುಸೊತ್ತು ಇರುವವರು ಯಾರಿಗೂ ಬೇಡದವರು ಎಂಬ ಲೆಕ್ಕ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ.

ಆ ಲೆಕ್ಕವನ್ನೇ ಗಂಟು ಕಟ್ಟಿಕೊಂಡು ನಾನು ಓದಲು ಟ್ಯೂಬಿಂಗನ್‌ಗೆ ಬಂದೆ. ಜರ್ಮನಿಯ ನೈರುತ್ಯದಲ್ಲಿ ನೆಕ್ಕರ್ ನದಿಯ ದಡಕ್ಕೆ ಅಂಟಿಕೊಂಡಿರುವ ಹಳೆಯ ಊರು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಊರಿನ ಜನ ಸುಮಾರು 90 ಸಾವಿರ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳೇ. ಈ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರು ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಕಟ್ಟಬೇಕು. ವೀಸಾಕ್ಕೆಂದು ಮೊದಲೇ ಬ್ಯಾಂಕಿನಲ್ಲಿ ಇಟ್ಟ 11,904 ಯೂರೋ ತಿಂಗಳಿಗೆ 992ರಂತೆ ನಮ್ಮ ಕೈಗೇ ವಾಪಸು ಬರುತ್ತದೆ. ಆ ಹಣ ಅಪ್ಪ ಮಾಡಿದ ಸಾಲ. ಹಾಗಾಗಿ ಮೊದಲ ಚಳಿಗಾಲದಲ್ಲಿ ಶನಿವಾರ, ಭಾನುವಾರ ಎರಡೂ ದಿನ ಒಂದು ಊಟದ ಮನೆಯಲ್ಲಿ ಪಾತ್ರೆ ತೊಳೆದೆ, ಉಳಿದ ದಿನ ಪ್ರಯೋಗಾಲಯ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ಡಿಸೆಂಬರ್. ನನಗೂ ಪುರುಸೊತ್ತಿಲ್ಲ ಎಂದು ಫೋನಿನಲ್ಲಿ ಅಮ್ಮನಿಗೆ ಹೇಳುವಾಗ, ಕಡೆಗೂ ದೊಡ್ಡವಳಾದೆ ಅನ್ನಿಸುತ್ತಿತ್ತು.

ನಾನು ಬೆಳೆಸುವ ಜೀವಕೋಶಗಳು ಗುಲಾಬಿ ಬಣ್ಣದ ದ್ರವದಲ್ಲಿ ಇರುತ್ತವೆ. ಕೋಶಗಳು ತಿಂದು, ಹೆಚ್ಚಿ, ದ್ರವ ಹುಳಿಯಾಗುತ್ತ ಬಂದಂತೆ ಬಣ್ಣ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಅಷ್ಟರೊಳಗೆ ದ್ರವ ಬದಲಿಸಬೇಕು. ಜನವರಿಯ ಒಂದು ಸೋಮವಾರ ಕೋಶಗಳನ್ನಿಟ್ಟ ಪೆಟ್ಟಿಗೆ ತೆಗೆದು ನೋಡಿದರೆ ನನ್ನ ಅಷ್ಟೂ ತಟ್ಟೆಗಳು ಹಳದಿ. ಅದರೊಳಗೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಸೂಕ್ಷ್ಮಾಣುಗಳು ಹೊಕ್ಕಿದ್ದವು. ಭಾನುವಾರ ರಾತ್ರಿ ಪಾತ್ರೆ ತೊಳೆದು ಬಂದ ಕೈಯಲ್ಲೇ ನಿದ್ದೆಗಣ್ಣಿನಲ್ಲಿ ದ್ರವ ಬದಲಿಸಿದ್ದೆ. ಆರು ವಾರದ ಕೆಲಸ ಹೋಯಿತು. ನನ್ನ ಮೇಲಿನವರು ಬೈಯಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, 'ಇನ್ನು ಮೇಲೆ ಶುಕ್ರವಾರ ಸಂಜೆಯೇ ಕೋಶಗಳನ್ನು ತೆಳುವಾಗಿ ಹರಡು, ಸೋಮವಾರದವರೆಗೆ ತಡೆಯುತ್ತವೆ. ಭಾನುವಾರ ಇಲ್ಲಿ ನಿನ್ನ ಮುಖ ಕಾಣಬಾರದು. ಆ ದಿನಕ್ಕೆ ಈ ದೇಶದ ಸಂವಿಧಾನವೇ ಕಾವಲಿದೆ' ಎಂದರು.

ಅದು ಮಾತಿಗೆ ಹೇಳಿದ್ದಿರಬೇಕು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಅಕ್ಷರಶಃ ನಿಜ. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನೂ ಹಬ್ಬದ ದಿನಗಳನ್ನೂ ಕೆಲಸದಿಂದ ಬಿಡುವಿನ ದಿನಗಳೆಂದು ರಕ್ಷಿಸುತ್ತದೆ. 1949ರಲ್ಲಿ ಹೊಸ ಸಂವಿಧಾನ ಬರೆದಾಗ ಆ ವಿಧಿಯನ್ನು ಹಾಗೆಯೇ ಒಳಗೆ ತೆಗೆದುಕೊಂಡರು. ಅದಕ್ಕೇ ಇಲ್ಲಿ ಭಾನುವಾರ ಅಂಗಡಿ ಇಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರದ ಸದ್ದಿಲ್ಲ, ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕಿದರೂ ಯಾರಾದರೂ ಕಿಟಕಿಯಿಂದ ಇಣುಕುತ್ತಾರೆ. ನಮ್ಮಲ್ಲೂ ಭಾನುವಾರದ ರಜೆ ತಾನಾಗಿ ಬಂದದ್ದಲ್ಲವಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಕೇಳಿ, 1890ರಲ್ಲಿ ಪಡೆದದ್ದು. ಆ ರಜೆ ಗಿರಣಿಯಿಂದ ಹೊರಟು ಕಚೇರಿ, ಶಾಲೆಗಳವರೆಗೆ ಬಂತು. ಅರಸೀಕೆರೆಯ ದಿನಸಿ ಅಂಗಡಿಗೆ, ಅದರ ಹಿಂದಿನ ಅಡಿಗೆಮನೆಗೆ ಬರಲಿಲ್ಲ.

ಪಾತ್ರೆ ತೊಳೆಯುವ ಕೆಲಸವನ್ನು ವಾರದ ನಡುವಿನ ಎರಡು ಸಂಜೆಗೆ ಬದಲಿಸಿಕೊಂಡೆ. ಕೈಗೆ ಸ್ವಲ್ಪ ಕಡಿಮೆ ಬಂತು. ನನ್ನ ವಾರಾಂತ್ಯ ಶುರುವಾದದ್ದು ಹಾಗೆ.

ನಾವಿರುವುದು ಊರಿನ ಉತ್ತರದ ಗುಡ್ಡದ ಮೇಲೆ, ವಾಲ್ಡ್‌ಹೋಯ್ಸರ್ ಓಸ್ಟ್ ಎಂಬಲ್ಲಿ. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ 'ವೇ-ಹಾ-ಓ'. ಕಾಂಕ್ರೀಟಿನ ಎತ್ತರದ ಕಟ್ಟಡಗಳು. ಒಂದು ಮಹಡಿಗೆ ಒಂದು ಅಡಿಗೆಮನೆ. ನಾವು ಐವರು ಆ ಅಡಿಗೆಮನೆಯಲ್ಲೇ ಗೆಳೆಯರಾದೆವು. ಶೀರಾಜ್‌ನಿಂದ ಬಂದು ಭಾಷಾಶಾಸ್ತ್ರ ಓದುವವಳೊಬ್ಬಳು, ಬೊಗೊಟಾದಿಂದ ಬಂದ ಭೂವಿಜ್ಞಾನದವನು, ಕೋಳಿಕ್ಕೋಡಿನ ಕಂಪ್ಯೂಟರ್ ಹುಡುಗ, ಪಕ್ಕದ ರಾಯ್ಟ್ಲಿಂಗನ್ ಊರಿನವಳೇ ಆದ ಕಾನೂನು ವಿದ್ಯಾರ್ಥಿನಿ, ಮತ್ತು ನಾನು.

ಶನಿವಾರ ಬೆಳಗ್ಗೆ ಮೊದಲು ಗುಡಿಸುವ ಕೆಲಸ. ಈ ಸ್ವಾಬಿಯಾ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಹಳೆಯ ಪದ್ಧತಿ ಇದೆ: ಒಂದು ಕಟ್ಟಡದಲ್ಲಿರುವ ಮನೆಯವರು ವಾರಕ್ಕೊಬ್ಬರಂತೆ ಮೆಟ್ಟಿಲು, ಓಣಿ, ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆ ತೂಗುತ್ತದೆ. ಕೆಲಸ ಮುಗಿಸಿದವರು ಅದನ್ನು ತೆಗೆದು ಪಕ್ಕದವರ ಬಾಗಿಲಿಗೆ ಹಾಕುತ್ತಾರೆ. ಕಾನೂನಿನ ಗೆಳತಿ ಆ ಪದ್ಧತಿಯನ್ನು ನಮ್ಮ ಅಡಿಗೆಮನೆಗೂ ತಂದಳು. ಹಲಗೆ ನನ್ನ ಬಾಗಿಲಿಗೆ ಬಂದ ಮೊದಲ ಶನಿವಾರ ನಾನು ಪೊರಕೆ ಹಿಡಿದು ಬಾಗಿದೆ. ಊರಲ್ಲಿ ಅಂಗಳ ಗುಡಿಸುವುದು, ಸಾರಿಸುವುದು ಹೆಣ್ಣುಮಕ್ಕಳ ಪಾಲಿಗೆ ಬಂದದ್ದು. ಆ ಹಲಗೆ ಯಾರ ಬಾಗಿಲಿಗೂ ಹೋಗದೆ ಅಮ್ಮನ ಕೊರಳಲ್ಲೇ ತೂಗುತ್ತದೆ. ಇಲ್ಲಿ ಮರುವಾರ ಬೊಗೊಟಾದವನು ಒಲೆಯ ಹಿಂದಿನ ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ. ಅವನು ಉಜ್ಜುವಾಗ ನಾನು ಸುಮ್ಮನೆ ಕಾಫಿ ಹಿಡಿದು ಕೂತಿದ್ದೆ. ಹಾಗೆ ಕೂರಲು ಮೈಗೆ ಒಗ್ಗುವುದಕ್ಕೆ ನನಗೆ ತಿಂಗಳುಗಳೇ ಹಿಡಿದವು.

ಆಮೇಲೆ ಪೇಟೆ. ಭಾನುವಾರ ಏನೂ ಸಿಗುವುದಿಲ್ಲವಾದ್ದರಿಂದ ಶನಿವಾರ ಇಡೀ ಊರು ಚೀಲ ಹಿಡಿದು ಓಡಾಡುತ್ತದೆ. ಖಾಲಿ ಬಾಟಲಿಗಳನ್ನು ಯಂತ್ರಕ್ಕೆ ಕೊಟ್ಟರೆ ಪ್ಲಾಸ್ಟಿಕ್ಕಿನದಕ್ಕೆ 25 ಸೆಂಟ್ ವಾಪಸು. ನಮ್ಮ ಈರುಳ್ಳಿ, ಮೆಣಸಿನಕಾಯಿಯ ದುಡ್ಡು ಅದರಲ್ಲೇ ಹೊರಡುತ್ತದೆ. ಹೊರಗೆ ತಿನ್ನುವುದಾದರೆ ನಮ್ಮದೇ ಡಬ್ಬಿ ಒಯ್ಯುತ್ತೇವೆ. ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟ್ ತೆರಿಗೆಯನ್ನು ಈ ಊರು 2022ರಿಂದ ಹಾಕಿದೆ. ಅದರ ಮೇಲಿನ ಮೊಕದ್ದಮೆ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ ಊರೇ ಗೆದ್ದು ಬಂತು. ಕಾನೂನಿನ ಗೆಳತಿ ಅದನ್ನು ಹೇಳುವಾಗ ತಾನೇ ವಾದಿಸಿದವಳಂತೆ ಮುಖ ಅರಳಿಸುತ್ತಾಳೆ.

ಮಧ್ಯಾಹ್ನ ನದಿ. ನೆಕ್ಕರ್‌ನ ನಡುವೆ ಉದ್ದನೆಯ ದ್ವೀಪ, ಅದರ ತುಂಬ ಎರಡು ಸಾಲು ಹಳೆಯ ಪ್ಲೇನ್ ಮರಗಳು. ಆಚೆ ದಡದಲ್ಲಿ ನದಿಯ ಗೋಡೆ. ಬೇಸಿಗೆಯಲ್ಲಿ ಆ ಗೋಡೆಯ ಮೇಲೆ ಊರಿನ ಹುಡುಗ ಹುಡುಗಿಯರೆಲ್ಲ ಗುಬ್ಬಿಗಳ ಹಾಗೆ ಸಾಲಾಗಿ ಕೂರುತ್ತಾರೆ. ಕೆಳಗೆ ಷ್ಟೋಖರ್‌ಕಾನ್ ಎಂಬ ಉದ್ದನೆಯ, ಚಪ್ಪಟೆ ತಳದ ದೋಣಿಗಳು ಹೋಗುತ್ತವೆ. ಹುಟ್ಟಿಲ್ಲ, ಹಿಂದೆ ನಿಂತವರು ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳಬೇಕು. ನಮ್ಮ ಹರಿಗೋಲಿನಂತೆ ಇದು ತಿರುಗುವುದಿಲ್ಲ, ಆದರೆ ಗಳ ಊರುವ ಕೈಗೆ ಅಷ್ಟೇ ಹದ ಬೇಕು. ವರ್ಷಕ್ಕೊಮ್ಮೆ ಪಂದ್ಯ ನಡೆಯುತ್ತದೆ. ಸೋತ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಕೋಳಿಕ್ಕೋಡಿನವನು ಗಳ ಕಲಿತದ್ದು ಒಂದೇ ದಿನದಲ್ಲಿ. ಹಿನ್ನೀರಿನ ಸೀಮೆಯವನು, ಗಳ ಕೈಗೆ ಬಂದೊಡನೆ ಅವನ ಬೆನ್ನು ನೆಟ್ಟಗಾಯಿತು.

ಆ ಗೋಡೆಯ ಪಕ್ಕದಲ್ಲೇ ಹಳದಿ ಬಣ್ಣದ ದುಂಡು ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕೆಟ್ಟು, ವಾಸಿಯಾಗುವುದಿಲ್ಲವೆಂದು ಆಸ್ಪತ್ರೆಯಿಂದ ಹೊರಬಂದಾಗ ಅವನನ್ನು ಮನೆಗೆ ಕರೆದೊಯ್ದವನು ಎರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ. ಕವಿಯ ಕಾದಂಬರಿಯೊಂದನ್ನು ಓದಿ ಮೆಚ್ಚಿದ್ದನಂತೆ, ಅಷ್ಟೇ ಪರಿಚಯ. 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, 36 ವರ್ಷ ಕವಿ ಅದೇ ಗೋಪುರದಲ್ಲಿದ್ದ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಆ ಕೋಣೆಯ ಕಿಟಕಿಯಿಂದ ಕಾಣುವುದು ನದಿ ಮತ್ತು ಮರ, ಅಷ್ಟೇ. ಕವಿಯ ದೊಡ್ಡ ಕವಿತೆಗಳ ವಿಷಯ ತಿಳಿದವರು ಹೇಳಲಿ. ನನಗೆ ಮಾತ್ರ ಆ ಗೋಪುರ ಕಂಡಾಗಲೆಲ್ಲ ನೆನಪಾಗುವವನು ಬಡಗಿ. ದಿನವಿಡೀ ಹತ್ತರಿ ಹೊಡೆಯುವ ಕೆಲಸದ ನಡುವೆ, ಲೆಕ್ಕವಿಡದೆ ಮತ್ತೊಬ್ಬನಿಗೆ ಒಂದು ಕಿಟಕಿ ಕೊಟ್ಟವನು.

ಸಂಜೆ ಕೋಟೆಗೆ ಹತ್ತುತ್ತೇವೆ. ಅದರ ಹಳೆಯ ಅಡಿಗೆಮನೆಯಲ್ಲಿ 1869ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ಯುವಕ, ಆಸ್ಪತ್ರೆಯ ಬ್ಯಾಂಡೇಜಿನಿಂದ ತೊಳೆದು ತೆಗೆದ ಕೀವಿನ ಕೋಶಗಳಲ್ಲಿ ಒಂದು ಹೊಸ ವಸ್ತು ಕಂಡು ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟ. ಇವತ್ತು ನಾವೆಲ್ಲ ಡಿಎನ್‌ಎ ಎನ್ನುವುದು ಮೊದಲು ಸಿಕ್ಕದ್ದು ಹೀಗೆ, ಒಂದು ಅಡಿಗೆಮನೆಯಲ್ಲಿ. ನನ್ನ ಓದಿನ ಬೇರು ಅಲ್ಲಿದೆ ಎಂದು ಗೆಳೆಯರಿಗೆ ತೋರಿಸಿದ ದಿನ ನನಗೆ ತವರುಮನೆ ತೋರಿಸಿದಷ್ಟು ಸಂತೋಷವಾಗಿತ್ತು.

ಭಾನುವಾರ ನನ್ನ ರೊಟ್ಟಿ.

ಸಬ್ಬಸಿಗೆ ಸೊಪ್ಪು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇವರು ಅದನ್ನು ಸೌತೆಕಾಯಿಗೆ, ಮೀನಿಗೆ ಹಾಕುತ್ತಾರೆ. ಮೊದಲ ಸಲ ತರಕಾರಿ ಸಾಲಿನಲ್ಲಿ ಆ ಎಳೆ ಎಳೆ ಸೊಪ್ಪು ಕಂಡು ಮೂಗಿಗೆ ಹಿಡಿದಾಗ ಅಮ್ಮನ ಸೆರಗಿನ ವಾಸನೆಯೇ ಬಂದಂತಾಗಿ ಅಲ್ಲೇ ನಿಂತುಬಿಟ್ಟೆ. ಅಕ್ಕಿಹಿಟ್ಟು ಏಷ್ಯಾದವರ ಅಂಗಡಿಯದು, ತುಸು ನುಣುಪು ಜಾಸ್ತಿ. ಅದಕ್ಕೆ ಒಂದು ಹಿಡಿ ಅನ್ನ ಕಿವುಚಿ ಸೇರಿಸಿದರೆ ಹದಕ್ಕೆ ಬರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಸಬ್ಬಸಿಗೆ. ಬಿಸಿನೀರಿನಲ್ಲಿ ಕಲಸಿ, ತಣ್ಣನೆಯ ಬಾಣಲೆಗೆ ಎಣ್ಣೆ ಸವರಿ, ಉಂಡೆ ಇಟ್ಟು ಬೆರಳಲ್ಲಿ ತಟ್ಟುತ್ತ ತಟ್ಟುತ್ತ ಅಂಚಿನವರೆಗೆ ಒಯ್ಯಬೇಕು. ನಡುವೆ ಬೆರಳಿನಿಂದ ನಾಲ್ಕು ತೂತು, ತೂತಿಗೆ ಒಂದೊಂದು ತೊಟ್ಟು ಎಣ್ಣೆ. ಮುಚ್ಚಳ ಹಾಕಿ ಒಲೆಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ಅಂಚು ತಾನಾಗಿ ಬಾಣಲೆ ಬಿಡುತ್ತದೆ.

ತೊಡಕಿರುವುದು ಎರಡನೇ ರೊಟ್ಟಿಗೆ. ಕಾದ ಬಾಣಲೆಗೆ ತಟ್ಟಲು ಆಗುವುದಿಲ್ಲ, ಬೆರಳು ಸುಡುತ್ತದೆ, ಹಿಟ್ಟು ಹರಡುವುದಿಲ್ಲ. ಅದಕ್ಕೇ ಅಮ್ಮನ ಹತ್ತಿರ ಎರಡು ಬಾಣಲೆ. ಒಂದು ಒಲೆಯ ಮೇಲಿದ್ದಾಗ ಇನ್ನೊಂದು ನಲ್ಲಿಯ ಕೆಳಗೆ ಬೆನ್ನು ಮಾಡಿ ಚುಂಯ್ ಎಂದು ತಣ್ಣಗಾಗುತ್ತಿರುತ್ತದೆ. ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ, ನಡುವೆ ಉಸಿರು ಬಿಡುವಷ್ಟೂ ಹೊತ್ತಿಲ್ಲ. ನಾವು ಏಳು ಮಂದಿ ತಿಂದು ಏಳುವವರೆಗೆ ಅವಳು ಕೂತದ್ದು ನಾನು ನೋಡಿಲ್ಲ. ನಮ್ಮ ಅಡಿಗೆಮನೆಯಲ್ಲಿರುವುದು ಒಂದೇ ಬಾಣಲೆ. ಒಂದು ರೊಟ್ಟಿ ಬೆಂದಮೇಲೆ ಬಾಣಲೆ ತಣಿಯಲು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಡುತ್ತೇವೆ. ಚಳಿಗಾಲದಲ್ಲಿ ಅಲ್ಲಿ ಹಿಮ ಇರುತ್ತದೆ, ಬಾಣಲೆ ಇಟ್ಟೊಡನೆ ದುಂಡಗೆ ಕರಗಿ ಹಬೆ ಏಳುತ್ತದೆ. ಆ ಒಂದು ರೊಟ್ಟಿಯನ್ನು ಐದು ಪಾಲು ಮಾಡಿ, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತ, ಮುಂದಿನದಕ್ಕೆ ಕಾಯುತ್ತೇವೆ. ಐದು ಜನಕ್ಕೆ ಹೊಟ್ಟೆ ತುಂಬ ರೊಟ್ಟಿಯಾಗಲು ಎರಡೂವರೆ ಗಂಟೆ.

ಒಂದು ಶನಿವಾರ ಕೋಳಿಕ್ಕೋಡಿನವನು ಹಳೆಯ ಸಾಮಾನಿನ ಸಂತೆಯಿಂದ ಮೂರು ಯೂರೋಗೆ ಇನ್ನೊಂದು ಬಾಣಲೆ ತಂದ. ಆ ಭಾನುವಾರ ರೊಟ್ಟಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎಲ್ಲರೂ ತಟ್ಟೆ ತೊಳೆದಿಟ್ಟು ಒಬ್ಬರ ಮುಖ ಒಬ್ಬರು ನೋಡಿದೆವು. ಬೊಗೊಟಾದವನು ಆ ಬಾಣಲೆಯನ್ನು ಬೀರುವಿನ ಮೇಲಿನ ಅರೆಗೆ ಏರಿಸಿದ. ಅದು ಇನ್ನೂ ಅಲ್ಲೇ ಇದೆ.

ಬಾಣಲೆ ತಣಿಯುವ ಆ ಹೊತ್ತಿನಲ್ಲೇ ನಮ್ಮ ಅಷ್ಟೂ ಮಾತು. ಬೊಗೊಟಾದಲ್ಲಿ ಭಾನುವಾರ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆಗಳನ್ನು ಮೋಟಾರು ಗಾಡಿಗಳಿಗೆ ಮುಚ್ಚಿ, ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡುತ್ತಾರಂತೆ, 1974ರಿಂದ ನಡೆದುಬಂದದ್ದು. ಅವನ ಅಜ್ಜಿ ದೊಡ್ಡ ರಸ್ತೆಯ ಮಧ್ಯದಲ್ಲಿ ನಡೆಯುವುದಕ್ಕೆಂದೇ ಆವತ್ತು ಒಳ್ಳೆಯ ಬಟ್ಟೆ ಉಡುತ್ತಿದ್ದಳಂತೆ. ಶೀರಾಜಿನವಳಿಗೆ ರಜೆಯ ದಿನ ಶುಕ್ರವಾರ. ಅವರ ಹೊಸವರ್ಷದ ಹದಿಮೂರನೆಯ ದಿನ ಮನೆಯಲ್ಲಿ ಯಾರೂ ಇರಬಾರದು, ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹಸಿರಿರುವಲ್ಲಿಗೆ ಹೋಗಬೇಕು. ರಾಯ್ಟ್ಲಿಂಗನ್‌ನವಳು ಹೇಳಿದ್ದು 'ಫೈಯರ್‌ಆಬೆಂಡ್' ಎಂಬ ಮಾತು: ದಿನದ ಕೆಲಸ ಬಿಟ್ಟ ಮೇಲಿನ ಹೊತ್ತಿಗೆ ಅವರು ಇಟ್ಟ ಹೆಸರು, ಬಿಡಿಸಿದರೆ ಹಬ್ಬದ ಸಂಜೆ. 'ನಿಮ್ಮಲ್ಲಿ ಏನಂತೀರಿ?' ಎಂದು ನನ್ನತ್ತ ತಿರುಗಿದಳು.

'ಪುರುಸೊತ್ತು' ಎಂದೆ. ಶೀರಾಜಿನವಳು ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. 'ಇನ್ನೊಮ್ಮೆ ಹೇಳು.' ಹೇಳಿದೆ. 'ಅದು ನಮ್ಮ ಫೊರ್ಸತ್!' ಎಂದು ಮೇಜಿಗೆ ಅಂಗೈ ಬಡಿದಳು. ಅವರಲ್ಲಿ ಅದಕ್ಕೆ ಅವಕಾಶ ಎಂಬ ಅರ್ಥ, ಕೈಗೆ ಸಿಕ್ಕ ಹೊತ್ತು ಎಂಬ ಅರ್ಥ. 'ನನ್ನಮ್ಮ ಯಾವಾಗಲೂ ಹೇಳುವುದು ಫೊರ್ಸತ್ ನದಾರಮ್ ಅಂತ. ಅಂದರೆ...' ಅವಳು ಮುಗಿಸುವ ಮೊದಲೇ ನಾನು ಹೇಳಿದೆ, 'ಪುರುಸೊತ್ತಿಲ್ಲ.' ಶೀರಾಜಿನ ಒಬ್ಬ ತಾಯಿ, ಅರಸೀಕೆರೆಯ ಒಬ್ಬ ತಾಯಿ, ಇಬ್ಬರೂ ಒಂದೇ ಮಾತನ್ನು ಒಂದೇ 'ಇಲ್ಲ'ದ ಜೊತೆ ಕಟ್ಟಿಹಾಕಿದ್ದರು. ನಮಗಿಬ್ಬರಿಗೂ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಿಟಕಿಯ ಹೊರಗೆ ಬಾಣಲೆ ಎಂದೋ ತಣ್ಣಗಾಗಿತ್ತು.

ಎರಡು ದಿನ ಬಿಟ್ಟು ಅವಳು ಗ್ರಂಥಾಲಯದಿಂದ ಓಡೋಡಿ ಬಂದಳು. ಫಾರ್ಸಿಗೆ ಆ ಮಾತು ಬಂದದ್ದು ಅರಬ್ಬಿಯಿಂದ, ಅಲ್ಲಿನ ಹಳೆಯ ನಿಘಂಟಿನಲ್ಲಿ ಅದಕ್ಕೆ ಇನ್ನೊಂದು ಅರ್ಥ ಕೊಟ್ಟಿದೆ: ನೀರಿನ ಹತ್ತಿರ ಕೂಡಿದ ಜನರಲ್ಲಿ ಒಬ್ಬೊಬ್ಬರಿಗೆ ಬರುವ ಸರದಿ. ಇದನ್ನು ಕೇಳಿ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಬೀದಿಯ ನಲ್ಲಿ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಹಸಿರು, ನೀಲಿ, ಕೇಸರಿ ಬಿಂದಿಗೆಗಳ ಸಾಲು. ಹೆಂಗಸರು ನೆರಳಿಗೆ ಸರಿದರೂ ಬಿಂದಿಗೆಗಳು ಅವರ ಪರವಾಗಿ ಸರದಿ ಕಾಯುತ್ತಿದ್ದವು. ಯಾರೂ ಸಾಲು ಮುರಿಯುತ್ತಿರಲಿಲ್ಲ. ಬಸುರಿ ಬಂದರೆ, ಮುದುಕಿ ಬಂದರೆ, 'ಹಿಡ್ಕೊಳ್ಳಿ ನೀವು' ಎಂದು ತಮ್ಮ ಬಿಂದಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಪುರುಸೊತ್ತು ಎಂದರೆ ಕೆಲಸವೆಲ್ಲ ಮುಗಿದಮೇಲೆ ತಳದಲ್ಲಿ ಉಳಿದದ್ದು ಎಂದೇ ನಾನು ತಿಳಿದಿದ್ದೆ. ಸರದಿ ಎಂದ ಮೇಲೆ ಅದು ಪ್ರತಿಯೊಬ್ಬರಿಗೂ ಸಲ್ಲಬೇಕಾದದ್ದು. ಮುಂದಿನವರು ತಮ್ಮ ಬಿಂದಿಗೆ ತುಂಬಿಕೊಂಡು ಪಕ್ಕಕ್ಕೆ ಸರಿದರೆ ಮಾತ್ರ ಹಿಂದಿನವರಿಗೆ ಸಿಗುವಂಥದ್ದು. ಅಮ್ಮನ ಮುಂದೆ ನಿಂತ ನಾವು ಯಾರೂ ಸರಿದಿರಲಿಲ್ಲ.

ರೊಟ್ಟಿಯ ನಂತರ ಕಾಡು. ನಮ್ಮ ಕಟ್ಟಡಗಳ ಹಿಂದಿನಿಂದಲೇ ಶೋನ್‌ಬುಖ್ ಅರಣ್ಯದ ದಾರಿ ಹಿಡಿಯಬಹುದು. ಈ ರಾಜ್ಯದಲ್ಲಿ ಮೊದಲು ಪ್ರಕೃತಿ ಉದ್ಯಾನವೆಂದು ಘೋಷಿಸಿದ್ದು ಇದನ್ನೇ, 1972ರಲ್ಲಿ. ಬೀಚ್ ಮರಗಳ ನಡುವೆ ಮುಕ್ಕಾಲು ಗಂಟೆ ಇಳಿದರೆ ಬೇಬನ್‌ಹೌಸನ್ ಎಂಬ ಹಳ್ಳಿ, ಅದರ ನಡುವೆ ಹನ್ನೆರಡನೇ ಶತಮಾನದ ಮಠ. ವ್ಯುರ್ಟೆಂಬೆರ್ಗ್‌ನ ಕೊನೆಯ ರಾಜ 1918ರಲ್ಲಿ ಕಿರೀಟ ಇಳಿಸಿದ ಮೇಲೆ ಬಂದು ಉಳಿದದ್ದೂ ಇಲ್ಲೇ. ಈಗ ಅಲ್ಲಿ ಸನ್ಯಾಸಿಗಳಿಲ್ಲ. ಮಠದ ಒಳ ಅಂಗಳದ ಸುತ್ತ ಕಲ್ಲಿನ ಪಡಸಾಲೆ, ಅದರ ಚಪ್ಪಡಿಗಳು ಕಾಲು ತಾಗಿ ತಾಗಿ ನಡುವೆ ತಗ್ಗಾಗಿವೆ. ಹೆಚ್ಚು ಹೇಳುವುದಕ್ಕೇನೂ ಇಲ್ಲ. ಅಲ್ಲಿ ನಾವು ಸುಮ್ಮನೆ ಕೂರುತ್ತೇವೆ.

ಅಲ್ಲಿಂದ ಹಿಂದಿರುಗುವಾಗ ಒಮ್ಮೆ ನಿಘಂಟಿನ ಮಾತು ಬಂತು. ನಿಮ್ಮ ಭಾಷೆಗಳಿಗೂ ಅಂಥ ಹಳೆಯ ನಿಘಂಟು ಇದೆಯೇ ಎಂದು ಶೀರಾಜಿನವಳು ಕೇಳಿದಳು. ಕೋಳಿಕ್ಕೋಡಿನವನು ಎದೆಯುಬ್ಬಿಸಿ ಗುಂಡರ್ಟ್ ಹೆಸರು ಹೇಳಿದ. ಟ್ಯೂಬಿಂಗನ್‌ನಲ್ಲೇ ಓದಿದವನು, ತಲಶ್ಶೇರಿಯಲ್ಲಿ ನೆಲೆಸಿದ್ದವನು, 1872ರಲ್ಲಿ ಮಲಯಾಳ ನಿಘಂಟು ಹೊರತಂದವನು. ಅವನ ಮಗಳ ಮಗ ಹೆರ್ಮನ್ ಹೆಸ್ಸೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇದೇ ಊರಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ. ನಾನು ಕಿಟೆಲ್ ಎಂದೆ. ಜರ್ಮನಿಯ ಉತ್ತರದ ಕಡಲ ಸೀಮೆಯಲ್ಲಿ 1832ರಲ್ಲಿ ಹುಟ್ಟಿ, ಇಪ್ಪತ್ತೊಂದರ ಹರೆಯದಲ್ಲಿ ಧಾರವಾಡ, ಮಂಗಳೂರು ಕಡೆಗೆ ಬಂದು, 1894ರಲ್ಲಿ ಸುಮಾರು 70 ಸಾವಿರ ಮಾತುಗಳ ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದ ಫರ್ಡಿನಾಂಡ್ ಕಿಟೆಲ್. ಅದಕ್ಕಾಗಿ 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಕೊನೆಯ ದಿನಗಳನ್ನು ಅವರು ಕಳೆದದ್ದು ಈ ಊರಿನಲ್ಲೇ; ಕನ್ನಡ ವ್ಯಾಕರಣದ ಪುಸ್ತಕ ಹೊರಬಂದ 1903ರಲ್ಲೇ, ಡಿಸೆಂಬರ್‌ನಲ್ಲಿ, ಇಲ್ಲೇ ತೀರಿಕೊಂಡರು.

ಇದನ್ನು ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಕಟ್ಟಿತು. ನಾನು ನಡೆಯುವ ಇದೇ ಏರುಬೀದಿಗಳಲ್ಲಿ ಒಬ್ಬ ಮುದುಕರು ನೂರಿಪ್ಪತ್ತು ವರ್ಷದ ಹಿಂದೆ ಕನ್ನಡದ ಮಾತುಗಳನ್ನು ಮನಸ್ಸಿನಲ್ಲಿ ಹೊರಳಿಸುತ್ತ ನಡೆದಿರಬೇಕು. ತಲೆಯೊಳಗೆ ಎಪ್ಪತ್ತು ಸಾವಿರ ಮಾತು, ಆಡಲು ಸುತ್ತ ಎಷ್ಟು ಜನ ಇದ್ದರೋ. ನನಗೆ ಆ ಕೊರತೆ ಇಲ್ಲವಲ್ಲ ಅನ್ನಿಸಿತು. ಇವರು ನಾಲ್ವರೂ ವಾರಕ್ಕೊಂದು ಕನ್ನಡ ಮಾತು ಕಲಿತಿದ್ದಾರೆ. ಬೊಗೊಟಾದವನು 'ತಟ್ಟು' ಎಂಬುದನ್ನು ನಮ್ಮ ಹಾಗೆಯೇ ಒತ್ತಿ ಹೇಳುತ್ತಾನೆ. ಆ ಟಕಾರ ಅವನಿಗೆ ಬರಲು ಮೂರು ಭಾನುವಾರ ಬೇಕಾಯಿತು.

ಹೋದ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ. ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ಅಂತರ, ಅಲ್ಲಿ ಎರಡೂವರೆ. ಆವತ್ತು ರೊಟ್ಟಿ ತಟ್ಟುವ ಸರದಿ ಶೀರಾಜಿನವಳದು. ಅಮ್ಮನಿಗೆ ಫೋನ್ ಹಚ್ಚಿ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿದೆ. ಪರದೆಯ ಮೇಲೆ ಅಡಿಗೆಮನೆಯ ಸೂರು, ಪಾತ್ರೆಯ ಸದ್ದು, ಆಮೇಲೆ ಸೆರಗಿನಿಂದ ಕೈ ಒರೆಸುತ್ತ ಅಮ್ಮನ ಅರ್ಧ ಮುಖ. ರೊಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡಿ, 'ಅಂಚು ದಪ್ಪ ಆಯ್ತು, ಇನ್ನೂ ಸ್ವಲ್ಪ ತಟ್ಟು ಅನ್ನು ಆ ಹುಡುಗೀಗೆ' ಎಂದಳು. ಆಮೇಲೆ, 'ಒಂದೇ ಬಾಣಲೆಯಲ್ಲಿ ಹೆಂಗೆ ಮಾಡ್ತೀರೆ ಅಷ್ಟು ಜನಕ್ಕೆ? ಯಾರಾದ್ರೂ ಬರೋರ ಕೈಲಿ ಇನ್ನೊಂದು ಕಳಿಸ್ಲಾ?' ಬೇಡಮ್ಮ ಎಂದೆ. ಯಾಕೆ ಎಂದು ಕೇಳಿದಳು. ಬಾಣಲೆ ತಣಿಯುವವರೆಗೆ ಮಾತಾಡುತ್ತೇವೆ ಎಂದೆ. ಅವಳಿಗೆ ಅದು ಪೂರ್ತಿ ತಲುಪಲಿಲ್ಲ. 'ಸರಿ ಇಡ್ತೀನಿ, ಪಾತ್ರೆ ಬಿದ್ದಿದೆ' ಎಂದು ಕೈ ಮುಂದೆ ಚಾಚಿದಳು.

ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡೇ ಶೀರಾಜಿನವಳು ಫೋನಿನ ಮುಂದೆ ಬಗ್ಗಿದಳು. ಎಷ್ಟು ದಿನದಿಂದ ಅಭ್ಯಾಸ ಮಾಡಿದ್ದಳೋ, ಒಂದೊಂದೇ ಅಕ್ಷರ ಜೋಡಿಸಿ ಕೇಳಿದಳು, 'ಅಮ್ಮಾ, ಪುರುಸೊತ್ತು ಇದೆಯಾ?'

ಅಮ್ಮನ ಕೈ ಅಲ್ಲೇ ನಿಂತಿತು. ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ಹಿಂದಕ್ಕೆ ತಿರುಗಿ ನಲ್ಲಿಯ ಕೆಳಗಿನ ಪಾತ್ರೆಗಳನ್ನು ನೋಡಿದಳು. ಆ ಹಲಗೆಯನ್ನು ಅವಳ ಕೊರಳಿಂದ ಇಳಿಸಲು ಇಷ್ಟು ದೂರದಿಂದ ನನ್ನ ಕೈಲಿ ಆಗುವುದಿಲ್ಲ. 'ಅಪ್ಪ ಅಂಗಡಿಯಿಂದ ಬಂದ್ಮೇಲೆ ತೊಳೀತಾರೆ ಬಿಡು, ನಾನು ಹೇಳ್ತೀನಿ' ಎಂದೆ, ಮೊದಲ ಬಾರಿಗೆ.

'ಇದೆ ಕಣಮ್ಮ, ಹೇಳು' ಎಂದಳು ಅಮ್ಮ. ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು.